ಕೆನ್ನೆಯ ಸಂದಿ, ಮೇಣದ ಬ್ಲಾಕ್

ಕೋಲಾರದ ಹಳ್ಳಿಗಳಲ್ಲಿ ಕೆಲವು ಹೆಂಗಸರಿಗೆ ಒಂದು ಹಳೇ ಅಭ್ಯಾಸವಿದೆ. ರಾತ್ರಿ ಊಟ ಮುಗಿಸಿ ಎಲೆ, ಅಡಿಕೆ, ಸುಣ್ಣದ ಜತೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಸೇರಿಸಿ ಕೆನ್ನೆಯ ಸಂದಿಗೆ ಒತ್ತಿಕೊಳ್ಳುತ್ತಾರೆ. ಹಾಗೇ ಮಲಗಿಬಿಡುತ್ತಾರೆ. ಬೆಳಗ್ಗೆ ಎದ್ದು ಉಗಿಯುತ್ತಾರೆ. ವರ್ಷಗಟ್ಟಲೆ ಹೀಗೆ ನಡೆದರೆ ಕೆಲವರಿಗೆ ಅದೇ ಸಂದಿಯಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಆಮೇಲೆ ವಾಸಿಯಾಗದ ಹುಣ್ಣು.

ಆ ಹುಣ್ಣಿನ ಚೂರು ಕೊನೆಗೆ ಹೋಗುವುದು ಪೆಥಾಲಜಿ ವಿಭಾಗಕ್ಕೆ, ಅಂದರೆ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಯಾವುದು ಅಂತ ಹೇಳುವವರ ಹತ್ತಿರ. ಕೋಲಾರದ ಹೊರಗೆ ತಮಕದಲ್ಲಿ 1986ರಲ್ಲಿ ಶುರುವಾದ ಶ್ರೀ ದೇವರಾಜ ಅರಸು ಮೆಡಿಕಲ್ ಕಾಲೇಜಿದೆ. ಇಂಥ ಊರಿನ ಕಾಲೇಜಿನಲ್ಲಿ ಪಾಠ ಪುಸ್ತಕದಂತೆ ನಡೆಯುವುದಿಲ್ಲ. ವಿದೇಶಿ ಪಠ್ಯಗಳಲ್ಲಿ ಬಾಯಿ ಕ್ಯಾನ್ಸರ್ ಅಂದರೆ ಹೆಚ್ಚಾಗಿ ನಾಲಗೆ ಮತ್ತು ನಾಲಗೆಯ ಕೆಳಗಿನ ಜಾಗ. ರೋಗಿ ಸಾಮಾನ್ಯವಾಗಿ ಸಿಗರೇಟು ಸೇದುವ, ಕುಡಿಯುವ ಗಂಡಸು. ಇಲ್ಲಿ ನೋಡಿದರೆ ಕೆನ್ನೆಯ ಒಳಪದರ, ಹೆಂಗಸರೂ ಜಾಸ್ತಿ. ಬರೀ ಪುಸ್ತಕ ಓದಿ ಬಂದ ಹುಡುಗರು ತಬ್ಬಿಬ್ಬಾಗದೆ ಇರುತ್ತಾರಾ?

"ಚೂರು ಕೊಟ್ಟು ಮೂರು ದಿನವಾಯ್ತು, ಇನ್ನೂ ರಿಪೋರ್ಟ್ ಇಲ್ಲ" ಅಂತ ಮನೆಯವರು ಗೊಣಗುವುದುಂಟು. ಆ ಮೂರು ದಿನ ಚೂರು ಸುಮ್ನೆ ಕೂತಿರುವುದಿಲ್ಲ. ಮೊದಲು ಫಾರ್ಮಲಿನ್. ಇದು ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದು, ಜೀವಕೋಶ ಕೊಳೆಯದಂತೆ ಹಿಡಿದಿಡುತ್ತದೆ. ಅವಸರ ಮಾಡಿದರೆ ಒಳಗಿನ ಭಾಗ ಹಸಿಯಾಗೇ ಉಳಿದು, ಕೊನೆಗೆ ಮೈಕ್ರೋಸ್ಕೋಪಿನಡಿ ಇಡುವ ಗಾಜಿನ ಸ್ಲೈಡ್ ಕೆಡುತ್ತದೆ. ಆಮೇಲೆ ಆಲ್ಕೋಹಾಲಿನಲ್ಲಿ ನೀರು ತೆಗೆಯಬೇಕು, ಜೈಲೀನಿನಲ್ಲಿ ಆಲ್ಕೋಹಾಲ್ ತೆಗೆಯಬೇಕು, ಸುಮಾರು 60 ಡಿಗ್ರಿಯಲ್ಲಿ ಕರಗಿದ ಮೇಣ ಒಳಗೆ ಇಳಿಯಬೇಕು. ಮೇಣ ಗಟ್ಟಿಯಾದ ಮೇಲೆ ಸಿಗುವುದೇ ಬ್ಲಾಕ್. ಅದನ್ನು ಮೈಕ್ರೋಟೋಮ್ ಅನ್ನುವ ಹೆರೆಯುವ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ ದಪ್ಪದ ಪದರಗಳಾಗಿ ಹೆರೆದು ಸ್ಲೈಡಿನ ಮೇಲೆ ಕೂರಿಸುತ್ತಾರೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿ. ಈ ಕೆಲಸ ಮಾಡುವ ಟೆಕ್ನೀಷಿಯನ್‌ಗಳ ಹೆಸರು ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವರ ಕೈ ಹದ ತಪ್ಪಿದರೆ ಎಂಥ ಪ್ರೊಫೆಸರ್ ಇದ್ದರೂ ಏನೂ ಕಾಣುವುದಿಲ್ಲ.

ಇಷ್ಟಾದ ಮೇಲೂ ಆ ಪದರಕ್ಕೆ ಹೇಳಿಕೊಳ್ಳುವಂಥ ಬಣ್ಣವಿರುವುದಿಲ್ಲ. ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುವ ಹಿಮಟಾಕ್ಸಿಲಿನ್ ಹಾಕಿದರೆ ಕೋಶದ ಕೇಂದ್ರ ನೀಲಿ-ನೇರಳೆಯಾಗುತ್ತದೆ. ಇಯೋಸಿನ್ ಹಾಕಿದರೆ ಉಳಿದದ್ದು ಗುಲಾಬಿ. ಎಂಬಿಬಿಎಸ್ ಎರಡನೇ ವರ್ಷದವರ ರೆಕಾರ್ಡ್ ಪುಸ್ತಕ ತೆಗೆದರೆ ಈ ಎರಡು ಬಣ್ಣದ ಪೆನ್ಸಿಲ್ ಚಿತ್ರಗಳೇ ತುಂಬಿರುತ್ತವೆ. ಮೊಬೈಲಿನಲ್ಲಿ ಫೋಟೋ ಹೊಡೆಯಬಹುದಲ್ವಾ ಅಂತ ಮಕ್ಕಳು ಕೇಳುತ್ತಾರೆ. ನನಗೇನೋ ಬಿಡಿಸುವುದೇ ಸರಿ ಅನ್ನಿಸುತ್ತದೆ. ಗೆರೆ ಎಳೆಯಬೇಕಾದಾಗ ಮಾತ್ರ ಯಾವುದು ಎಲ್ಲಿ ಮುಗಿಯಿತು ಅಂತ ಕಣ್ಣು ಹುಡುಕುತ್ತದೆ.

ಕೆನ್ನೆಯ ಹುಣ್ಣಿನಲ್ಲಿ ಹುಡುಕಬೇಕಾದ್ದೂ ಅದನ್ನೇ. ಮೇಲ್ಪದರದ ಕೋಶಗಳ ಕೆಳಗೆ ಒಂದು ತೆಳು ಪೊರೆಯಿದೆ. ಕೋಶಗಳು ಎಷ್ಟೇ ವಿಕಾರವಾಗಿದ್ದರೂ ಪೊರೆಯ ಮೇಲೇ ಇದ್ದರೆ ಅದು ಇನ್ನೂ ಕ್ಯಾನ್ಸರ್‌ಗೆ ಮುಂಚಿನ ಹಂತ. ಪೊರೆ ಒಡೆದು ಕೆಳಗೆ ಇಳಿದರೆ ಕ್ಯಾನ್ಸರ್. ಮುಂಚಿನ ಹಂತದಲ್ಲಿ ಅದು ಎಷ್ಟು ಮುಂದುವರಿದಿದೆ ಅನ್ನುವ ವಿಷಯಕ್ಕೆ ಅನುಭವಿಗಳಲ್ಲೇ ಭಿನ್ನಾಭಿಪ್ರಾಯ ಬರುತ್ತದೆ. ಹಾಗಾಗಿ ಹಲವರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿನ ಸುತ್ತ ಕೂತು ವಾದ ಮಾಡುತ್ತಾರೆ. ಎಂಬಿಬಿಎಸ್ ಮುಗಿಸಿ ಪೆಥಾಲಜಿಯಲ್ಲೇ ಮುಂದೆ ಓದುವ ಎಂಡಿ ವಿದ್ಯಾರ್ಥಿ ನಿಜವಾಗಿ ಕಲಿಯುವುದು ಆ ವಾದದಲ್ಲಿ.

ರಿಪೋರ್ಟ್ ಹೋದ ಮೇಲೂ ಬ್ಲಾಕ್ ಕಪಾಟಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸಂಶೋಧನೆಗೆ ಅದೇ ಬಂಡವಾಳ. ಒಂದು ಉದಾಹರಣೆ. ಮೊದಲು ಬಾಯಿ ಕ್ಯಾನ್ಸರ್ ಗಡ್ಡೆಯ ಹಂತ ಹೇಳುವಾಗ ಮುಖ್ಯವಾಗಿ ಅದರ ಅಗಲ ನೋಡುತ್ತಿದ್ದರು. ಆದರೆ ಆಳಕ್ಕೆ ಇಳಿದ ಗಡ್ಡೆ ಕುತ್ತಿಗೆಯ ಗ್ರಂಥಿಗಳಿಗೆ ಹರಡುವ ಸಾಧ್ಯತೆ ಜಾಸ್ತಿ. ಹಾಗಾಗಿ 2017ರಲ್ಲಿ ಪ್ರಕಟವಾದ ಹೊಸ ಹಂತದ ಪಟ್ಟಿಯಲ್ಲಿ ಆಳವೂ ಸೇರಿತು. 5 ಮಿಲಿಮೀಟರ್, 10 ಮಿಲಿಮೀಟರ್ ಅನ್ನುವ ಗಡಿಗಳು ಬಂದವು. ಹಳೇ ಬ್ಲಾಕ್‌ಗಳನ್ನು ತೆಗೆದು ಮತ್ತೆ ಹೆರೆದು ಆಳ ಅಳೆದರೆ, ಈ ಗಡಿ ನಮ್ಮ ಕಡೆಯ ಕೆನ್ನೆ ಕ್ಯಾನ್ಸರ್‌ಗೆ ಎಷ್ಟು ಹೊಂದುತ್ತದೆ ಅಂತ ನೋಡಬಹುದು. ಎಂಡಿಗೆ ಪ್ರಬಂಧ ಕಡ್ಡಾಯ, ಮೂರು ವರ್ಷದ ಕೋರ್ಸು. ಇಂಥ ಪ್ರಶ್ನೆ ಅದಕ್ಕೆ ಹೇಳಿ ಮಾಡಿಸಿದ್ದು. ತೊಡಕು ಬೇರೆ ಕಡೆ ಇದೆ. ಮೇಣದ ಬ್ಲಾಕ್ ಕೈಯಲ್ಲಿರುತ್ತದೆ, ಆದರೆ ರೋಗಿ ಐದು ವರ್ಷದ ಮೇಲೆ ಹೇಗಿದ್ದಾರೆ ಅಂತ ತಿಳಿಯುವುದಿಲ್ಲ. ಕೂಲಿ ಬಿಟ್ಟು, ಬಸ್ಸು ಹಿಡಿದು, ನೋವಿಲ್ಲದಾಗ ಆಸ್ಪತ್ರೆಗೆ ಯಾರು ಬರುತ್ತಾರೆ?

ಹೊಗೆಸೊಪ್ಪು ಬಿಟ್ಟು ಬರೀ ಎಲೆ-ಅಡಿಕೆ ಹಾಕಿಕೊಂಡರೆ ತೊಂದರೆಯಿಲ್ಲ ಅನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಅಂತ ಖಚಿತವಾದ ಪದಾರ್ಥಗಳ ಗುಂಪಿಗೆ ಸೇರಿಸಿದೆ. ತುಮಕೂರು ಕಡೆಯ ಅಡಿಕೆ ತೋಟದವರ ಮುಂದೆ ಇದನ್ನು ಹೇಳುವಾಗ ಸ್ವಲ್ಪ ದೂರ ನಿಂತು ಹೇಳುವುದು ವಾಸಿ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಹೊರಟವರು ರಿಪೋರ್ಟಿನ ಜತೆ ಸ್ಲೈಡ್ ಮತ್ತು ಬ್ಲಾಕ್ ಕೂಡ ಕೇಳಿ ತೆಗೆದುಕೊಂಡು ಹೋಗಬಹುದು. ಅಲ್ಲಿ ಅದೇ ಬ್ಲಾಕ್‌ನಿಂದ ಹೊಸ ಪದರ ಹೆರೆದು ನೋಡಿದರೆ, ಎಷ್ಟೋ ಸಲ ಬಾಯಿಂದ ಮತ್ತೊಂದು ಚೂರು ಕತ್ತರಿಸುವ ಅಗತ್ಯವೇ ಬೀಳುವುದಿಲ್ಲ.