ಕೆಡವಿದ ಗೋಡೆ ಜಲ್ಲಿಯಾಗಲು ಹಿಡಿದ ಕಾಲ

ಹಳೆ ಮನೆ ಕೆಡವಿದ ಡೆಬ್ರಿಸ್ಸನ್ನು ಟ್ರ್ಯಾಕ್ಟರಿಗೆ ತುಂಬಿ ಕತ್ತಲಲ್ಲಿ ಕೆರೆಯಂಚಿಗೆ ಸುರಿದು ಬರುವುದು ಬೆಂಗಳೂರಿಗರಿಗೆ ಗೊತ್ತಿರದ ಸಂಗತಿಯಲ್ಲ. ಅದನ್ನೇ ಪುಡಿಮಾಡಿ ಕಾಂಕ್ರೀಟಿಗೆ ಜಲ್ಲಿಯಾಗಿ ಹಾಕಬಹುದು ಎಂದರೆ ಮೇಸ್ತ್ರಿ ಹುಬ್ಬೇರಿಸುತ್ತಾನೆ. ಅವನ ತಾತ ಏರಿಸುತ್ತಿರಲಿಲ್ಲವೇನೋ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಮಾಡುತ್ತಿದ್ದ ಮದ್ರಾಸ್ ತಾರಸಿಯ ಮೇಲೆ ಸುಣ್ಣದ ಜೊತೆ ಬಡಿದು ಕೂರಿಸುತ್ತಿದ್ದದ್ದು ಇಟ್ಟಿಗೆ ಜಲ್ಲಿಯನ್ನೇ.

ಕೆಡವಿದ ಕಟ್ಟಡದಿಂದಲೇ ದೊಡ್ಡ ಪ್ರಮಾಣದಲ್ಲಿ ಕಾಂಕ್ರೀಟ್ ಮಾಡಿ ತೋರಿಸಿದ್ದು ಎರಡನೇ ಮಹಾಯುದ್ಧದ ನಂತರದ ಜರ್ಮನಿ. ಬಾಂಬಿಗೆ ನೆಲಸಮವಾದ ಊರುಗಳಲ್ಲಿ ಹೆಂಗಸರು ಕೈಯಿಂದ ಕೈಗೆ ಬಕೆಟ್ ದಾಟಿಸಿ ಅವಶೇಷ ತೆಗೆದರು. ಬರ್ಲಿನ್ನಿನಲ್ಲಿ ಉಳಿದದ್ದನ್ನು ಒಟ್ಟಿದ ಜಾಗ ಟಾಯ್ಫೆಲ್ಸ್‌ಬೆರ್ಗ್ ಎಂಬ ಗುಡ್ಡವೇ ಆಯಿತು. ಒಡೆದ ಇಟ್ಟಿಗೆಯ ಕಾಂಕ್ರೀಟಿಗೆಂದೇ 1951ರಲ್ಲಿ ಡಿಐಎನ್ 4163 ಎಂಬ ಮಾನದಂಡ ಬಂತು. 1955ರ ಕೊನೆಯ ಹೊತ್ತಿಗೆ ಇಂಥ ಜಲ್ಲಿಯಿಂದ ಸುಮಾರು 1,75,000 ಮನೆಗಳು ಎದ್ದಿದ್ದವು. ಅವಶೇಷ ಮುಗಿಯಿತು, ಆ ಜಲ್ಲಿಯ ಬಳಕೆಯೂ ಇಳಿಯಿತು.

ನಮ್ಮಲ್ಲಿ ಅಂಥ ಒತ್ತಡವೇ ಇರಲಿಲ್ಲ. ಬೆಟ್ಟ ಇತ್ತು, ಕ್ರಷರ್ ಇತ್ತು, ಹೊಳೆಯಲ್ಲಿ ಮರಳಿತ್ತು. 1970ರ ಐಎಸ್ 383 ಎಂಬ ಭಾರತೀಯ ಮಾನದಂಡ ನೈಸರ್ಗಿಕ ಮೂಲದ ಜಲ್ಲಿ, ಮರಳನ್ನಷ್ಟೇ ಲೆಕ್ಕಕ್ಕೆ ಹಿಡಿದಿತ್ತು. ಕಾಗದದಲ್ಲಿ ಇಲ್ಲದ ವಸ್ತುವಿಗೆ ಯಾವ ಎಂಜಿನಿಯರ್ ಸಹಿ ಹಾಕಿಯಾನು? ದೆಹಲಿಯ ಬುರಾಡಿಯಲ್ಲಿ 2009ರಲ್ಲೇ ಡೆಬ್ರಿಸ್ ಸಂಸ್ಕರಣಾ ಘಟಕ ಶುರುವಾದರೂ ಮಾನದಂಡ ಬದಲಾಗಿದ್ದು 2016ರಲ್ಲಿ. ಎಂ25 ಎಂಬ ಬಲದ ದರ್ಜೆಯ ಅಥವಾ ಅದಕ್ಕಿಂತ ಕಡಿಮೆ ದರ್ಜೆಯ ಕಬ್ಬಿಣ ಕಟ್ಟಿದ ಕಾಂಕ್ರೀಟಿಗೆ ಹಳೆ ಕಾಂಕ್ರೀಟಿನ ಜಲ್ಲಿ ಶೇ 20ರವರೆಗೆ, ಕಬ್ಬಿಣವಿಲ್ಲದ ಕಾಂಕ್ರೀಟಿಗೆ ಶೇ 25ರವರೆಗೆ ಹಾಕಬಹುದು ಎಂದಾಯಿತು. ತಳಕ್ಕೆ ಹಾಸುವ, ಸಿಮೆಂಟ್ ಕಡಿಮೆ ಇರುವ ಬಡ ಕಾಂಕ್ರೀಟಿಗೆ ಪೂರ್ತಿ ಅದನ್ನೇ ಹಾಕಲೂ ಅಡ್ಡಿಯಿಲ್ಲ. ನಿರ್ಮಾಣ ತ್ಯಾಜ್ಯದ ನಿಯಮಗಳು ಬಂದದ್ದೂ ಅದೇ ವರ್ಷ.

ಇಷ್ಟು ಅಳೆದು ತೂಗಿದ್ದಕ್ಕೆ ಕಾರಣವಿದೆ. ಒಡೆದ ಕಾಂಕ್ರೀಟಿನ ಕಲ್ಲಿಗೆ ಹಳೆ ಗಾರೆ ಅಂಟಿಕೊಂಡೇ ಬರುತ್ತದೆ. ಅದು ತೂತುತೂತು, ಕಲಸುವಾಗಲೇ ನೀರು ಹೀರುತ್ತದೆ. ಮೊದಲೇ ನೆನೆಸಿಕೊಳ್ಳದಿದ್ದರೆ ಮಿಶ್ರಣ ಬಿಗಿಯಾಗಿ ಬಿಡುತ್ತದೆ, ಆಗ ಆಳು ಪೈಪು ಹಿಡಿದು ಇನ್ನಷ್ಟು ನೀರು ಬಿಡುತ್ತಾನೆ, ಅಲ್ಲಿಗೆ ಬಲ ಹೋಯಿತು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಫಾಲ್ಸ್ ಸೀಲಿಂಗ್ ಚೂರು ಸೇರಿಕೊಂಡರೆ ಅದರ ಸಲ್ಫೇಟ್ ಇನ್ನೊಂದು ಕಾಟ. ಹಾಗಾಗಿ ಕ್ರಷರಿಗಿಂತ ಮುಖ್ಯವಾದ ಕೆಲಸ ಕೆಡವುವ ಜಾಗದಲ್ಲೇ ಇಟ್ಟಿಗೆ, ಕಾಂಕ್ರೀಟ್, ಮರ, ಜಿಪ್ಸಂ ಬೇರೆಬೇರೆ ಮಾಡುವುದು. ನನಗೆ ಕಂಡಂತೆ ನಾವು ಸೋತಿರುವುದು ಅಲ್ಲೇ.

2025ರಲ್ಲಿ ಹೊರಬಿದ್ದ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿ ಎಂದಿವೆ. ತ್ಯಾಜ್ಯದ ಹೊಣೆಯನ್ನು ಅವು ಹೊರಿಸುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ. ಮೂವತ್ತು–ನಲವತ್ತರ ಸೈಟಿನಲ್ಲಿ ಅಪ್ಪನ ಕಾಲದ ಮನೆ ಕೆಡವುವವನು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅವನ ಡೆಬ್ರಿಸ್ ಎಲ್ಲಿಗೆ ಹೋಗಬೇಕೆಂದು ಇನ್ನೂ ತೀರ್ಮಾನಿಸುವವನು ಟ್ರ್ಯಾಕ್ಟರಿನವನೇ.