ಕೆಂಪು ಬೆಳಕಿನ ಕೊರತೆ: ಫಾಸ್ಫರ್ ಪುಡಿಗಳ ಹಿನ್ನೆಲೆ

ಟ್ಯೂಬ್‌ಲೈಟಿನ ಗಾಜಿನ ಒಳಮೈಗೆ ಬಳಿದ ಬಿಳಿಯ ಲೇಪವೂ ಎಲ್‌ಇಡಿ ಬಲ್ಬಿನ ಮುಚ್ಚಳ ತೆಗೆದಾಗ ಕಾಣುವ ಹಳದಿ ಚುಕ್ಕೆಗಳೂ ಫಾಸ್ಫರ್‌ಗಳೇ. ಒಂದು ತರಂಗಾಂತರದ ಬೆಳಕನ್ನು ಹೀರಿಕೊಂಡು ಇನ್ನೊಂದು ತರಂಗಾಂತರದ ಬೆಳಕನ್ನು ಹೊರಬಿಡುವ ಹರಳಿನ ಪುಡಿಗಳಿವು. ಹೆಸರು ಹೋಲುತ್ತದೆಂದ ಮಾತ್ರಕ್ಕೆ ಇವುಗಳಲ್ಲಿ ರಂಜಕ ಇರಲೇಬೇಕೆಂದಿಲ್ಲ. ದೀಪಗಳಿಗಾಗಿ ಇವನ್ನು ತಯಾರಿಸಿದ ಚರಿತ್ರೆಯುದ್ದಕ್ಕೂ ಒಂದೇ ಕೊರತೆ ಮತ್ತೆ ಮತ್ತೆ ಎದುರಾಗಿದೆ. ಅದು ಒಳ್ಳೆಯ ಕೆಂಪು ಬೆಳಕಿನ ಕೊರತೆ.

1938ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟಿನಲ್ಲಿ ಪಾದರಸದ ಆವಿ ಮುಖ್ಯವಾಗಿ 254 ನ್ಯಾನೊಮೀಟರಿನ ಅತಿನೇರಳೆ ಕಿರಣವನ್ನು ಸೂಸುತ್ತದೆ. ಅದನ್ನು ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸುವುದು ಪುಡಿಯ ಕೆಲಸ. 1942ರಲ್ಲಿ ಬಂದ ಕ್ಯಾಲ್ಸಿಯಂ ಹ್ಯಾಲೊಫಾಸ್ಫೇಟ್ ಅಗ್ಗವೂ ಬಾಳಿಕೆಯದೂ ಆಗಿತ್ತು. ಅದರಲ್ಲಿ ಬೆರೆಸಿದ ಆಂಟಿಮನಿ ನೀಲಿಯನ್ನೂ ಮ್ಯಾಂಗನೀಸ್ ಕಿತ್ತಳೆಯನ್ನೂ ಕೊಡುತ್ತಿದ್ದವು. ಎರಡೂ ಕೂಡಿದಾಗ ಬೆಳಕು ಬೆಳ್ಳಗೇನೋ ಇರುತ್ತಿತ್ತು, ಆದರೆ ಅಚ್ಚ ಕೆಂಪಿನ ಪಾಲು ಕಡಿಮೆಯಾದ್ದರಿಂದ ಆ ದೀಪದಡಿ ಮುಖಗಳು ಬಿಳಿಚಿಕೊಂಡಂತೆ ಕಾಣುತ್ತಿದ್ದವು.

ಕೆಂಪು ಕೊಡಬಲ್ಲ ಧಾತು ಆ ಹೊತ್ತಿಗೆ ತಿಳಿಯದ್ದೇನಲ್ಲ. ಯೂರೋಪಿಯಂ 1901ರಲ್ಲೇ ಪತ್ತೆಯಾಗಿತ್ತು. ಆದರೆ ಅದೂ ಯಿಟ್ರಿಯಂ, ಟರ್ಬಿಯಂ, ಸೀರಿಯಂಗಳೂ ಸೇರಿದ ವಿರಳ ಭೂಧಾತುಗಳೆಲ್ಲ ರಾಸಾಯನಿಕ ಗುಣದಲ್ಲಿ ಅವಳಿಗಳಂತಿರುವುದರಿಂದ, ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಲವಣಗಳನ್ನು ನೂರಾರು ಸಲ ಕರಗಿಸಿ ಹರಳುಗಟ್ಟಿಸಬೇಕಾಗುತ್ತಿತ್ತು. 1940ರ ದಶಕದಲ್ಲಿ ಅಯಾನುಗಳನ್ನು, ಅಂದರೆ ಆವೇಶ ಹೊತ್ತ ಪರಮಾಣುಗಳನ್ನು, ಬೇರ್ಪಡಿಸುವ ಅಯಾನು ವಿನಿಮಯ ವಿಧಾನ ಬಂದ ಮೇಲೆಯೇ ಶುದ್ಧ ಯಿಟ್ರಿಯಂ, ಯೂರೋಪಿಯಂ ಸಾಕಷ್ಟು ಪ್ರಮಾಣದಲ್ಲಿ ಸಿಗುವ ದಾರಿ ತೆರೆಯಿತು. ಬಣ್ಣದ ಟಿವಿಯ ಮಂಕು ಕೆಂಪನ್ನು ಸರಿಪಡಿಸಿದ ಯಿಟ್ರಿಯಂ ವೆನಡೇಟ್ 1964ರಲ್ಲಿ ಬಂದಿತು. ಅದರಲ್ಲಿ ಬೆಳಗುತ್ತಿದ್ದುದು ಇದೇ ಯೂರೋಪಿಯಂ.

ಯೂರೋಪಿಯಂ ಎಲ್ಲ ಹರಳಿನಲ್ಲೂ ಒಂದೇ ರೀತಿ ಬೆಳಗುವುದಿಲ್ಲ ಎಂಬುದನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಮೂರು ಧನ ಆವೇಶವಿರುವ ಯೂರೋಪಿಯಂನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ರೋಹಿತದಲ್ಲಿ 590 ನ್ಯಾನೊಮೀಟರಿನ ಆಸುಪಾಸಿನಲ್ಲಿ ಕಿತ್ತಳೆ ಗೆರೆಗಳೂ 611ರ ಬಳಿ ಕೆಂಪು ಗೆರೆಯೂ ಕಾಣುತ್ತವೆ. ಅಯಾನು ಕುಳಿತ ಜಾಗದ ಸುತ್ತ ನೆರೆಯ ಪರಮಾಣುಗಳು ಕೇಂದ್ರದ ಎರಡೂ ಬದಿಗೆ ಸರಿಸಮವಾಗಿ ಜೋಡಣೆಯಾಗಿದ್ದರೆ ಕಿತ್ತಳೆಯೇ ಮೇಲುಗೈ. ಆ ಸಮತೆ ಇಲ್ಲದಿದ್ದರೆ ಕೆಂಪು ಉಕ್ಕುತ್ತದೆ. ಯಿಟ್ರಿಯಂ ಆಕ್ಸೈಡಿನಲ್ಲಿ ಪ್ರತಿ ನಾಲ್ಕು ಸ್ಥಾನಗಳಲ್ಲಿ ಮೂರು ಸಮತೆ ಇಲ್ಲದವು, ಹಾಗಾಗಿಯೇ ಅದು ಅಷ್ಟು ಒಳ್ಳೆಯ ಕೆಂಪು. ಈ ಎರಡು ಗೆರೆಗಳ ಅನುಪಾತವನ್ನು ಅಳೆದರೆ ಹರಳಿನೊಳಗಿನ ಜೋಡಣೆಯೇ ತಿಳಿದುಬರುತ್ತದೆ. ಅಳತೆಯ ಕೆಲಸದಲ್ಲಿ ಇದಕ್ಕಿಂತ ಸೊಗಸಾದದ್ದನ್ನು ನಾನು ಕಂಡಿಲ್ಲ. ಅದೇ ಯೂರೋಪಿಯಂ ಎರಡು ಧನ ಆವೇಶ ಹೊತ್ತು ಬೇರಿಯಂ ಮೆಗ್ನೀಸಿಯಂ ಅಲ್ಯುಮಿನೇಟಿನಲ್ಲಿ ಕುಳಿತರೆ ನೀಲಿ ಬೆಳಕು ಬರುತ್ತದೆ. ಈ ಕೆಂಪು, ಈ ನೀಲಿ, ಟರ್ಬಿಯಂನ ಹಸಿರು, ಈ ಮೂರನ್ನೂ ಬೆರೆಸಿದ ಲೇಪ 1970ರ ದಶಕದಲ್ಲಿ ಸಿದ್ಧವಾಗಿ ಮುಂದೆ ಸಿಎಫ್ಎಲ್ ದೀಪಗಳಿಗೆ ಆಧಾರವಾಯಿತು.

ಎಲ್‌ಇಡಿಯ ಹಳದಿ ಪುಡಿಯೂ ಹಳೆಯದೇ. ಸೀರಿಯಂ ಬೆರೆಸಿದ ಯಿಟ್ರಿಯಂ ಅಲ್ಯುಮಿನಿಯಂ ಗಾರ್ನೆಟ್ 1967ರಲ್ಲೇ ವರದಿಯಾಗಿತ್ತು. 1996ರಲ್ಲಿ ಅದನ್ನು ನೀಲಿ ಎಲ್‌ಇಡಿಯ ಮೇಲೆ ಲೇಪಿಸಿದಾಗ ಬಿಳಿ ಎಲ್‌ಇಡಿ ಮಾರುಕಟ್ಟೆಗೆ ಬಂತು. ತಯಾರಿಕೆ ಕೇಳಲು ಸುಲಭ: ಆಕ್ಸೈಡುಗಳನ್ನು ತೂಗಿ, ಹರಳು ಸುಲಭವಾಗಿ ಬೆಳೆಯಲು ನೆರವಾಗುವ ಬೇರಿಯಂ ಫ್ಲೋರೈಡಿನಂಥ ಫ್ಲಕ್ಸ್ ಸೇರಿಸಿ ಅರೆದು, ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಸೀರಿಯಂ ನಾಲ್ಕರಿಂದ ಮೂರು ಆವೇಶಕ್ಕೆ ಇಳಿಯದಿದ್ದರೆ ಹಳದಿ ಬೆಳಕು ಹುಟ್ಟದಾದ್ದರಿಂದ ಕುಲುಮೆಗೆ ಹೈಡ್ರೋಜನ್ ಬೆರೆತ ಸಾರಜನಕವನ್ನು ಹಾಯಿಸುತ್ತಾರೆ. ಇಷ್ಟು ಶಾಖವಿಲ್ಲದೆಯೂ ಆಕ್ಸೈಡ್ ಪುಡಿ ಮಾಡುವ ದಾರಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಕಿಂಗ್ಸ್‌ಲಿ ಮತ್ತು ಕೆ. ಸಿ. ಪಾಟೀಲ 1988ರಲ್ಲಿ ತೋರಿಸಿದರು: ಲೋಹದ ನೈಟ್ರೇಟ್ ಮತ್ತು ಯೂರಿಯಾದ ದ್ರಾವಣವನ್ನು 500 ಡಿಗ್ರಿಯ ಕುಲುಮೆಗಿಟ್ಟರೆ ಅದು ಕುದಿದು, ನೊರೆಯೆದ್ದು, ತಾನೇ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಹಗುರವಾದ ಪುಡಿಯಾಗುತ್ತದೆ. ಫಾಸ್ಫರ್ ಮಾಡುವವರು ಈ ದಹನ ವಿಧಾನವನ್ನು ಬೇಗನೆ ಕೈಗೆತ್ತಿಕೊಂಡರು.

ಪುಡಿ ಹೊಳೆದರೆ ಸಾಲದು. ಹರಳಿನ ರಚನೆಯನ್ನು ಗುರುತಿಸುವ ಎಕ್ಸ್‌ಕಿರಣ ವಿವರ್ತನೆಯಲ್ಲಿ ಗಾರ್ನೆಟ್ಟಿನದಲ್ಲದ ಗೆರೆ ಕಂಡರೆ ಪೆರೋವ್‌ಸ್ಕೈಟ್‌ನಂಥ ಬೇರೆ ರಚನೆಯ ಹರಳು ಉಳಿದುಕೊಂಡಿದೆ ಎಂದರ್ಥ. ಸೀರಿಯಂನಂಥ ಬೆಳಗುವ ಧಾತುವಿನ ಬೆರಕೆ ಹೆಚ್ಚಾದರೆ ಶಕ್ತಿ ಅಯಾನಿನಿಂದ ಅಯಾನಿಗೆ ಹಾಯುತ್ತಾ ಹೋಗಿ ಯಾವುದೋ ದೋಷದಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಪುಡಿ ಹೀರಿದ ಫೋಟಾನುಗಳಲ್ಲಿ ಎಷ್ಟು ಪಾಲು ಬೆಳಕಾಗಿ ಮರಳಿತು, ದೀಪ ಬಿಸಿಯಾದಾಗ ಅದರಲ್ಲಿ ಎಷ್ಟು ಉಳಿಯಿತು ಎಂಬ ಎರಡು ಅಳತೆಗಳಿಲ್ಲದೆ, ಬಣ್ಣದ ನಕ್ಷೆಯ ಮೇಲೊಂದು ಚುಕ್ಕೆಯನ್ನಷ್ಟೇ ತೋರಿಸಿ ಪುಡಿಯೊಂದು ದೀಪಕ್ಕೆ ಯೋಗ್ಯವೆಂದು ಹೇಳುವುದು ನನಗೆ ಒಪ್ಪಿಗೆಯಾಗದು.

ನೀಲಿ ಮತ್ತು ಹಳದಿ ಕೂಡಿದ ಬಿಳಿ ಎಲ್‌ಇಡಿಯಲ್ಲೂ ಕೆಂಪೇ ಕಡಿಮೆಯಾಯಿತು. ಅದಕ್ಕೆ ಯೂರೋಪಿಯಂ ಬೆರೆಸಿದ ಕ್ಯಾಲ್ಸಿಯಂ ಅಲ್ಯುಮಿನಿಯಂ ಸಿಲಿಕಾನ್ ನೈಟ್ರೈಡನ್ನು ತಂದರು; 650 ನ್ಯಾನೊಮೀಟರಿನ ಸುತ್ತ ಹರಡಿದ ಅದರ ಬೆಳಕಿನ ಒಂದು ಭಾಗ ಕಣ್ಣು ಅಷ್ಟಾಗಿ ಗ್ರಹಿಸದ ಕಡುಗೆಂಪಿಗೆ ಸೋರಿಹೋಗುತ್ತದೆ. 2010-11ರಲ್ಲಿ ಚೀನಾ ರಫ್ತು ಮಿತಿಯನ್ನು ಬಿಗಿಗೊಳಿಸಿ ವಿರಳ ಭೂಧಾತುಗಳ ಬೆಲೆ ಏರಿದಾಗ, ಅವುಗಳಿಲ್ಲದ ಪುಡಿಗಳ ಹುಡುಕಾಟಕ್ಕೆ ಇನ್ನೊಂದು ಕಾರಣ ಸಿಕ್ಕಿತು. ಈಗ ಪರದೆಗಳಲ್ಲೂ ದೀಪಗಳಲ್ಲೂ 631 ನ್ಯಾನೊಮೀಟರಿನ ಬಳಿ ಕಿರಿದಾದ ಕೆಂಪು ಗೆರೆಗಳನ್ನು ಸೂಸುತ್ತಿರುವುದು ಪೊಟ್ಯಾಸಿಯಂ ಫ್ಲೋರೊಸಿಲಿಕೇಟಿನಲ್ಲಿ ಕುಳಿತ ಮ್ಯಾಂಗನೀಸ್. ಹ್ಯಾಲೊಫಾಸ್ಫೇಟಿನಲ್ಲಿ ಎರಡು ಧನ ಆವೇಶ ಹೊತ್ತು ಕಿತ್ತಳೆ ಬೆಳಕು ಕೊಡುತ್ತಿದ್ದ ಅದೇ ಧಾತು, ಈ ಹರಳಿನಲ್ಲಿ ನಾಲ್ಕು ಆವೇಶ ಹೊತ್ತು ಕೂತಿದೆ.