ಡಾಕ್ಟರಿಗೆ ತೋರಿಸದ ಡಬ್ಬಿ

ಬೇರೆ ಏನಾದರೂ ಔಷಧಿ ತಗೋತೀರಾ ಎಂದು ಕೇಳಿದರೆ ಬಹಳಷ್ಟು ಮಂದಿ ಇಲ್ಲ ಎನ್ನುತ್ತಾರೆ. ಪುಡಿ, ಕಷಾಯ, ಕ್ಯಾಪ್ಸೂಲ್ ಎಂದು ಒಂದೊಂದಾಗಿ ಕೆದಕಿದ ಮೇಲೆ ಕೈಚೀಲದಿಂದ ಡಬ್ಬಿ ಹೊರಬರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಇದು ಮಾಮೂಲು. ಅವರನ್ನು ದೂರಲಾರೆ, ನಡುರಾತ್ರಿ ಬೆವರಿನಲ್ಲಿ ತೊಯ್ದು ಎದ್ದು ಕೂತವರಿಗೆ 'ವಯಸ್ಸಾಯ್ತಲ್ಲ, ಸಹಿಸಿಕೊಳ್ಳಿ' ಎಂದು ಕಳಿಸುವ ವೈದ್ಯರೂ ಇದ್ದಾರೆ. 2002ರಲ್ಲಿ, ಮುಟ್ಟು ನಿಂತವರಿಗೆ ಹಾರ್ಮೋನ್ ಮಾತ್ರೆ ಕೊಟ್ಟು ನಡೆಸಿದ ಅಮೆರಿಕದ ದೊಡ್ಡ ಅಧ್ಯಯನ ಅರ್ಧಕ್ಕೇ ನಿಂತು ಸ್ತನ ಕ್ಯಾನ್ಸರ್ ಭಯ ಹಬ್ಬಿದ ಮೇಲಂತೂ ಅನೇಕರು ಗಿಡಮೂಲಿಕೆಯತ್ತ ಹೊರಳಿದರು.

ಹೆಚ್ಚು ಪರೀಕ್ಷೆಗೆ ಒಳಗಾದದ್ದು ಸೋಯಾ. ಅದರಲ್ಲಿರುವ ಐಸೋಫ್ಲೇವೋನ್ ಎಂಬ ಅಂಶಗಳು ದೇಹದಲ್ಲಿ ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್ ಕೂರುವ ಜಾಗದಲ್ಲೇ ಕೂರುತ್ತವೆ, ಆದರೆ ಪ್ರಭಾವ ಬಹಳ ದುರ್ಬಲ. ಅವುಗಳಲ್ಲೊಂದನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಈಕ್ವಾಲ್ ಎಂಬ ಹೆಚ್ಚು ಚುರುಕಾದ ವಸ್ತುವಾಗಿ ಬದಲಿಸುತ್ತವೆ. ಆ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇರುವುದಿಲ್ಲ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದಿರಲು ಇದೂ ಒಂದು ಕಾರಣವಿರಬಹುದು. ಬ್ಲ್ಯಾಕ್ ಕೊಹೊಶ್ ಬೇರಿನ ಹೆಸರು ದೊಡ್ಡದು. ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2012ರ ವಿಮರ್ಶೆ 16 ಪ್ರಯೋಗಗಳನ್ನು ಒಟ್ಟಿಗೆ ತೂಗಿ, ಅದನ್ನು ಶಿಫಾರಸು ಮಾಡಲು ಆಧಾರ ಸಾಲದು ಎಂದಿತು. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಹಣೆಬರಹವೂ ಅಷ್ಟೇ. ಶತಾವರಿಯ ಮೇಲಿನ ಅಧ್ಯಯನಗಳು ಇನ್ನೂ ಚಿಕ್ಕವು.

'ಆದರೆ ನನಗೆ ಗುಣ ಕಂಡಿತಲ್ಲ ಡಾಕ್ಟ್ರೇ' ಎನ್ನುವವರಿದ್ದಾರೆ. ನಿಜವೇ ಇರಬಹುದು. ಇದ್ದಕ್ಕಿದ್ದಂತೆ ಮೈ ಕಾದು ಬೆವರುವ ಈ ಬಿಸಿ ಝಳ ತಾನಾಗಿಯೇ ಏರಿಳಿಯುತ್ತದೆ. ಪ್ರಯೋಗಗಳಲ್ಲಿ ಔಷಧಿಯಿಲ್ಲದ ಖಾಲಿ ಮಾತ್ರೆ ನುಂಗಿದವರಲ್ಲೂ ಝಳ ಶೇ 20ರಿಂದ 50ರಷ್ಟು ತಗ್ಗಿದ್ದುಂಟು. ಹಾಗಾಗಿ ನಾನು ಒಂದು ಪುಸ್ತಕ ಇಡಲು ಹೇಳುತ್ತೇನೆ: ಶುರು ಮಾಡುವ ಮುಂಚಿನ ಎರಡು ವಾರ, ಆಮೇಲೆ ಮೂರು ತಿಂಗಳು, ದಿನಕ್ಕೆ ಎಷ್ಟು ಸಲ ಮೈ ಕಾದಿತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂದು ಗೀಟು ಹಾಕಿ. ಗೀಟು ಕಡಿಮೆಯಾಗದಿದ್ದರೆ ಡಬ್ಬಿ ಬಿಡಿ. ಒಂದು ಸಲಕ್ಕೆ ಒಂದೇ ಮೂಲಿಕೆ. ಹತ್ತು ಬೇರು ಅರೆದ ಮಿಶ್ರಣದಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಕಾಟ ಕೊಟ್ಟಿತು ಎಂದು ಹುಡುಕುವುದು ಯಾರಿಂದಲೂ ಆಗದು.

ಕಾಟ ಕೊಡುವುದೂ ಉಂಟು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಥೈರಾಯ್ಡ್ ಮಾತ್ರೆ ನುಂಗುವವರಿಗೆ ಎದೆ ಢವಗುಟ್ಟಿ ಬೆವರು ಹೆಚ್ಚಿದರೆ ಅದನ್ನೂ ಮುಟ್ಟು ನಿಲ್ಲುವುದರ ತಲೆಗೇ ಕಟ್ಟುತ್ತಾರೆ. ಜ್ಯೇಷ್ಠಮಧು ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಮನಸ್ಸಿನ ಕುಗ್ಗುವಿಕೆಗೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆಗಳ ಬಲ ಕುಂದಿಸುತ್ತದೆ. ಬ್ಲ್ಯಾಕ್ ಕೊಹೊಶ್‌ನಿಂದ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳಿವೆ: ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಿ. ಸ್ತನ ಕ್ಯಾನ್ಸರ್ ಆಗಿದ್ದವರು ಸೋಯಾ, ರೆಡ್ ಕ್ಲೋವರ್ ಎಂಬ ಗಿಡದ ಸಾರದ ಮಾತ್ರೆಗಳನ್ನು ತಮ್ಮ ಕ್ಯಾನ್ಸರ್ ತಜ್ಞರನ್ನು ಕೇಳದೆ ಮುಟ್ಟಬಾರದು.

ಇನ್ನು ಯೋನಿಯ ಒಣಗುವಿಕೆಗೆ ಈ ಪುಡಿಗಳನ್ನು ನಂಬಿ ಕೂರಬೇಡಿ. ಅಲ್ಲಿಗೇ ಹಚ್ಚುವ ಚಿಕಿತ್ಸೆಗಳಿವೆ. ಮುಟ್ಟು ನಿಂತು 12 ತಿಂಗಳಾದ ಮೇಲೆ ಮತ್ತೆ ಒಂದು ಕಲೆಯಷ್ಟು ರಕ್ತ ಕಂಡರೂ ಕಷಾಯ ಬದಲಿಸುತ್ತ ದಿನ ದೂಡದೆ ಗರ್ಭಕೋಶದ ಒಳಪದರದ ಪರೀಕ್ಷೆ ಮಾಡಿಸಿ, ಬರುವಾಗ ಡಬ್ಬಿಯನ್ನೂ ತನ್ನಿ.